ಬೆನ್ನು ಮುಚ್ಚಿದ ಹರಳು

ವಿಜಯಪುರ
೨ ಸೆಪ್ಟೆಂಬರ್ ೨೦೨೪

ಚಿ. ರಂಜನಾಳಿಗೆ ಇಂದ್ರಾಬಾಯಿಯ ಆಶೀರ್ವಾದ.

ನಾವಿಬ್ಬರು ಅಕ್ಕತಂಗಿಯರು ಇಲ್ಲಿ ಕ್ಷೇಮ. ಸುಭಾಷ ಈ ಕಾಗದದ ಜೊತೆ ಒಂದು ಸಣ್ಣ ಡಬ್ಬಿ ಕೊಡುತ್ತಾನೆ. ಅದರಲ್ಲಿರುವುದು ನನ್ನ ಉಂಗುರ. ಹೋದ ತಿಂಗಳು ಮಾಟುಂಗದಲ್ಲಿ ನಿಮ್ಮಿಬ್ಬರ ಮದುವೆಯ ಮಾತುಕತೆಗೆ ಕೂತಾಗ ನನ್ನ ತಂಗಿ ನೀಲಾವತಿ ಹತ್ತು ಜನರ ಎದುರು, “ಅಕ್ಕನ ಮನಿ ವಜ್ರ ಸೊಸಿಗೇ ಹೋಗೂದು, ನಾಲ್ಕು ತಲಿಯಿಂದ ಹಂಗ ನಡದದ” ಎಂದು ಹೇಳಿಬಿಟ್ಟಳಲ್ಲ, ಅದೇ ಇದು. ಅವಳ ಬಾಯಿಗೆ ಬೀಗವಿಲ್ಲ. ಹೇಳಿ ಆಯಿತು, ಇನ್ನೇನು ಮಾಡುವುದು.

ಆದರೆ ವಜ್ರ ಎಲ್ಲರಿಗೂ ಕೂಡಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬೆರಳಿಗೆ ಹಾಕುವ ಮೊದಲು ಹರಳನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗಬೇಕು, ಏನು ಕನಸು ಬೀಳುತ್ತದೆ ನೋಡಬೇಕು. ಕನಸು ಕೆಟ್ಟದ್ದಾದರೆ ಹರಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ನನ್ನ ದೊಡ್ಡ ನೆಗೆಣ್ಣಿಗೆ ಕೂಡಿ ಬರಲಿಲ್ಲ, ಹಿಂದೆ ಕೊಟ್ಟಳು, ಸುಖವಾಗಿಯೇ ಬಾಳಿದಳು.

ಕನಸನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಕೆಡುತ್ತದೆ. ಫೋನಿನಲ್ಲಂತೂ ಬೇಡವೇ ಬೇಡ. ನೀಲಾ ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು, ಇಡೀ ಓಣಿಗೆ ಕೇಳುತ್ತದೆ. ನನಗೆ ಕಾಗದ ಬರೆ. ಸುಭಾಷನಿಗೂ ತೋರಿಸಬೇಡ.

ಇನ್ನೊಂದು ಮಾತು. ಉಂಗುರದ ಹಿಂಬದಿ ಮುಚ್ಚಿದೆ. ಹರಳಿನ ಕೆಳಗೆ ಬೆಳ್ಳಿಯ ತಗಡು ಇಟ್ಟು ಬೆನ್ನು ಮುಚ್ಚುವುದು ಹಿಂದಿನವರ ಕಟ್ಟು. ಅದನ್ನು ಬಿಚ್ಚಲು ಯಾರ ಕೈಗೂ ಕೊಡಬೇಡ. ನಿಶ್ಚಯ ಕಾರ್ಯ ನವೆಂಬರ್ ೨೪ಕ್ಕೆ, ಇನ್ನೂ ಬೇಕಾದಷ್ಟು ದಿನ ಇವೆ. ಅವಸರವಿಲ್ಲ.

ಇಂದ್ರಾಬಾಯಿ


ಜೋಗೇಶ್ವರಿ, ಮುಂಬಯಿ
೯ ಸೆಪ್ಟೆಂಬರ್ ೨೦೨೪

ಪೂಜ್ಯ ಇಂದ್ರಾಬಾಯಿಯವರಿಗೆ ರಂಜನಾ ಮಾಡುವ ನಮಸ್ಕಾರಗಳು.

ಕನ್ನಡದಲ್ಲಿ ಕಾಗದ ಬರೆಯುತ್ತಿರುವುದು ಇದೇ ಮೊದಲು. ನಾನು ಕನ್ನಡ ಶಾಲೆಯಲ್ಲಿ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಗುಟ್ಟು ಎಂದು ನೀವು ಬರೆದಿದ್ದರಿಂದ ಅಮ್ಮನ ಕೈಯಲ್ಲೂ ತಿದ್ದಿಸಿಲ್ಲ. ತಪ್ಪುಗಳೆಲ್ಲ ನನ್ನವೇ.

ಉಂಗುರ ತುಂಬಾ ಚೆನ್ನಾಗಿದೆ. ಹರಳು ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಿರಬಹುದು, ಆದರೆ ಕಿಟಕಿಯ ಹತ್ತಿರ ಹಿಡಿದರೆ ಇಡೀ ಖೋಲಿಯ ಗೋಡೆಯ ಮೇಲೆ ಚುಕ್ಕೆಗಳು ಓಡಾಡುತ್ತವೆ. ಮೂರು ರಾತ್ರಿ ಏನೂ ಬೀಳಲಿಲ್ಲ. ನಾಲ್ಕನೆಯ ರಾತ್ರಿ ಬಿದ್ದ ಕನಸು ಹೀಗಿದೆ.

ಜೋಗೇಶ್ವರಿಯ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ನಿಂತಿದೆ. ಲೇಡೀಸ್ ಡಬ್ಬಿಯಲ್ಲಿ ಜನವೇ ಇಲ್ಲ. ಅದರಿಂದಲೇ ಇದು ಕನಸು ಎಂದು ಗೊತ್ತಾಯಿತು. ಒಳಗೆ ಮೊಣಕಾಲಿನ ಮಟ್ಟ ತಿಳಿನೀರು. ಸೀಟಿನ ಕೆಳಗೆ ಬಿಳಿ ಮೀನುಗಳು. ಕಿಟಕಿಯ ಹತ್ತಿರ ನೀವು ಕೂತಿದ್ದೀರಿ, ನಿಮ್ಮ ಇಳಕಲ್ ಸೀರೆಯ ಸೆರಗು ನೀರಿನ ಮೇಲೆ ತೇಲುತ್ತಿದೆ. ಜಾಗ ಬೇಕಾದಷ್ಟಿದ್ದರೂ ನನ್ನನ್ನು ಕಂಡು ನೀವು ಸರಿದು, ಮೂವರ ಬೆಂಚಿನಲ್ಲಿ ಇಕ್ಕಟ್ಟಾಗಿ ಮಾಡುತ್ತಾರಲ್ಲ, ಆ ನಾಲ್ಕನೆಯ ಸೀಟು ಮಾಡಿಕೊಟ್ಟಿರಿ. ಗಾಡಿ ಸದ್ದಿಲ್ಲದೆ ಹೊರಟಿತು.

ನನಗೆ ಒಳ್ಳೆಯ ಕನಸು ಅನ್ನಿಸಿತು. ಹೌದಲ್ಲವೇ?

ಸುಭಾಷನಿಗೆ ಇದನ್ನು ಹೊಸ ರೀತಿ ಕಟ್ಟಿಸುವ ಆಸೆ. ದಿನಕ್ಕೆ ಹತ್ತು ಫೋಟೋ ಕಳಿಸುತ್ತಾನೆ. ಆರು ಪ್ರಾಂಗ್ ಇರುವ ಎತ್ತರದ ಕಟ್ಟು ಅವನಿಗೆ ಇಷ್ಟ. ಪ್ರಾಂಗ್ ಎಂದರೆ ಹರಳನ್ನು ಎತ್ತಿ ಹಿಡಿದುಕೊಳ್ಳುವ ಚಿನ್ನದ ಸಣ್ಣ ಉಗುರುಗಳು. ನಾನು ಫಿಜಿಯೋಥೆರಪಿ ಮಾಡುವವಳು. ದಿನವಿಡೀ ಜನರ ಬೆನ್ನು, ಭುಜ, ಕುತ್ತಿಗೆ ಒತ್ತುತ್ತೇನೆ. ಅಂಥ ಉಂಗುರ ಹಾಕಿಕೊಂಡರೆ ಪೇಶಂಟುಗಳ ಮೈಮೇಲೆಲ್ಲ ಗೀರು ಬೀಳುತ್ತದೆ ಎಂದು ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದ.

ನಿಮ್ಮ ಉತ್ತರಕ್ಕೆ ಕಾಯುವ,
ರಂಜನಾ


ವಿಜಯಪುರ
೧೬ ಸೆಪ್ಟೆಂಬರ್ ೨೦೨೪

ಚಿ. ರಂಜನಾಳಿಗೆ ಆಶೀರ್ವಾದ.

ನಿನ್ನ ಅಕ್ಷರ ದುಂಡಗೆ ಚೆನ್ನಾಗಿದೆ. ಕನಸು ಅಷ್ಟು ಚೆನ್ನಾಗಿಲ್ಲ.

ನೀರು ಕಾಣಬಾರದು. ಅದೂ ನಿಂತ ಗಾಡಿಯಲ್ಲಿ ನಿಂತ ನೀರು. ಬಿಳಿ ಮೀನು ಎಂದರೆ ಕಣ್ಣೀರು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಇನ್ನು ನಾನು ಸರಿದು ಜಾಗ ಕೊಟ್ಟದ್ದು. ಗ್ರಾಂಟ್ ರೋಡಿನ ಚಾಳಿನಲ್ಲಿ ಮೂವತ್ತೇಳು ವರ್ಷ ಬಾಳಿದವಳು ನಾನು. ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕ ಮೇಲೆ ಯಾರಿಗೂ ಸುಮ್ಮನೆ ಸರಿದವಳಲ್ಲ. ಆದ್ದರಿಂದ ಆ ಕನಸಿನಲ್ಲಿ ಕೂತಿದ್ದವಳು ನಾನಲ್ಲ, ಬೇರೆ ಯಾರೋ. ಇದೂ ಒಳ್ಳೆಯ ಸೂಚನೆಯಲ್ಲ.

ಹರಳು ಭಾರದ್ದು, ಎಲ್ಲರೂ ತಡೆದುಕೊಳ್ಳಲಾರರು. ನೀನು ಬೇಡವೆಂದರೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ದುಡಿಯುವ ಕೈಗೆ ಹಳೆಯ ಉಂಗುರ ಯಾಕೆ? ಸುಭಾಷ ತೋರಿಸಿದ್ದರಲ್ಲಿ ಗೀರು ಬೀಳದಂಥದ್ದು ಒಂದು ಆರಿಸಿಕೊ. ಕನಸು ಕೂಡಿ ಬರಲಿಲ್ಲ ಎಂದು ನಾನೇ ನೀಲಾಗೆ ಹೇಳುತ್ತೇನೆ. ಅವಳು ಊರಿಗೆಲ್ಲ ಹೇಳುತ್ತಾಳೆ. ಕೆಲಸ ಮುಗಿಯುತ್ತದೆ.

ಇಂದ್ರಾಬಾಯಿ


ಜೋಗೇಶ್ವರಿ
೨೩ ಸೆಪ್ಟೆಂಬರ್ ೨೦೨೪

ಪೂಜ್ಯ ಇಂದ್ರಾಬಾಯಿಯವರಿಗೆ ನಮಸ್ಕಾರಗಳು.

ಒಂದು ಕನಸಿಗೇ ಬಿಟ್ಟುಕೊಡುವುದು ಸರಿಯಲ್ಲ ಎಂದು ಮತ್ತೆ ದಿಂಬಿನ ಕೆಳಗೆ ಇಟ್ಟುಕೊಂಡೆ. ಈ ಸಲದ ಕನಸಿನಲ್ಲಿ ನೀರು ಎಲ್ಲಿಯೂ ಇಲ್ಲ. ನಾನು ಗಮನವಿಟ್ಟು ನೋಡಿದ್ದೇನೆ.

ಒಂದು ಚಾಳಿನ ಗ್ಯಾಲರಿ. ಉದ್ದ ಎಂದರೆ ಉದ್ದ, ಕೊನೆಯೇ ಕಾಣುವುದಿಲ್ಲ. ಪ್ರತಿ ಬಾಗಿಲಿನ ಮುಂದೆ ಒಂದು ಬಟ್ಟಲು ಹಾಲು ಇಟ್ಟಿದ್ದಾರೆ. ಚಂದ್ರ ಒಂದೊಂದೇ ಬಟ್ಟಲಿನಲ್ಲಿ ಇಳಿದು, ಮುಖ ನೋಡಿಕೊಂಡು, ಮುಂದಿನ ಬಾಗಿಲಿಗೆ ಹೋಗುತ್ತಾನೆ. ಕಡೆಯ ಬಟ್ಟಲು ನನ್ನ ಕೈಯಲ್ಲಿದೆ. ಚಂದ್ರ ಅದರಲ್ಲಿ ಇಳಿದವನು ಮೇಲೆ ಏಳಲಿಲ್ಲ. ಹಾಲು ಬೆಚ್ಚಗಿತ್ತು.

ಇದರಲ್ಲಿ ದೋಷ ಹುಡುಕುವುದು ಕಷ್ಟ ಎಂದುಕೊಂಡಿದ್ದೇನೆ.

ನನ್ನ ಪೇಶಂಟ್ ಒಬ್ಬರಿದ್ದಾರೆ, ಚನ್ನಬಸಯ್ಯ ಎಂದು, ಬೆಳಗಾವಿ ಕಡೆಯವರು. ಇಲ್ಲಿಯ ಒಂದು ಕಾರಖಾನೆಯಲ್ಲಿ ಬಂಗಾಲಿ ಕಾರಿಗಾರರ ನಡುವೆ ಇವರೊಬ್ಬರೇ ಕನ್ನಡದವರು. ಮೂವತ್ತು ವರ್ಷದಿಂದ ಉಂಗುರಕ್ಕೆ ಹರಳು ಕೂರಿಸುವ ಕೆಲಸ. ತಲೆ ಬಗ್ಗಿಸಿ ಬಗ್ಗಿಸಿ ಕುತ್ತಿಗೆ ಕಟ್ಟಿಗೆಯಾಗಿದೆ. ನಾನು ಕುತ್ತಿಗೆ ತಿರುಗಿಸುತ್ತಿದ್ದರೆ ಅವರು ಕಣ್ಣು ಮುಚ್ಚಿಕೊಂಡು ವಜ್ರದ ಮಾತು ಹೇಳುತ್ತಿರುತ್ತಾರೆ. ಕೇಳುತ್ತಾ ನನಗೂ ಜೋಂಪು ಹತ್ತುತ್ತದೆ. ಹರಳು ಕಡೆಯುವ ರೀತಿಗೆ ಕಟ್ ಎನ್ನುತ್ತಾರೆ. ಚೌಕದ ಒಂದು ಕಟ್ ಇದೆಯಂತೆ, ಒಳಗೆ ನೋಡಿದರೆ ಬಾವಿಗೆ ಇಳಿಯುವ ಮೆಟ್ಟಿಲುಗಳ ಹಾಗೆ ಕಾಣುತ್ತದೆ. ಹನಿಯ ಆಕಾರದ್ದು, ಅಕ್ಕಿಕಾಳಿನ ಆಕಾರದ್ದು ಇವೆ. ಎಲ್ಲಕ್ಕಿಂತ ದುಂಡನೆಯದಕ್ಕೇ ಬೆಳಕು ಹೆಚ್ಚು, ಐವತ್ತೇಳು ಮುಖ ಕಡೆದಿರುತ್ತಾರೆ.

ಬೆನ್ನು ಮುಚ್ಚಿದ ಉಂಗುರದ ಬಗ್ಗೆ ಕೇಳಿದೆ. “ಹಳೇ ಕಟ್‌ನ ಹರಳಿಗೆ ತಗಡಿನ ಆಸರ ಬೇಕಾಗ್ತದವ್ವಾ. ಹೊಸಾ ಕಟ್‌ನ ಹರಳಿಗೆ ಬ್ಯಾಡ. ಮ್ಯಾಲಿಂದ ಬಂದ ಬೆಳಕ ತಾನ ತಿರುಗಿಸಿ ಕೊಡತದ” ಎಂದರು. ನನ್ನಂಥ ಕೈಗೆ ಪ್ರಾಂಗ್ ಬೇಡ, ಹರಳಿನ ಸುತ್ತ ಚಿನ್ನದ ದಂಡೆ ಕಟ್ಟಿ ಬೆರಳಿಗೆ ಹತ್ತಿರವಾಗಿ ತಗ್ಗಿನಲ್ಲಿ ಕೂರಿಸಬೇಕಂತೆ. ಅದಕ್ಕೆ ಬೆಝೆಲ್ ಎನ್ನುತ್ತಾರೆ. ಯಾರ ಬೆನ್ನಿಗೂ ಚುಚ್ಚುವುದಿಲ್ಲ. ಒಮ್ಮೆ ತಂದು ತೋರಿಸು, ಬಿಚ್ಚಿ ನೋಡುತ್ತೇನೆ ಎಂದಿದ್ದಾರೆ.

ನೀವು ಹೇಳದೆ ಕೊಡುವುದಿಲ್ಲ.

ರಂಜನಾ


ವಿಜಯಪುರ
೩೦ ಸೆಪ್ಟೆಂಬರ್ ೨೦೨೪

ರಂಜನಾಳಿಗೆ,

ಹಾಲು ಮುಚ್ಚದೆ ಬಾಗಿಲಲ್ಲಿ ಇಟ್ಟರೆ ಬೆಕ್ಕು ಬರುತ್ತದೆ. ಇಷ್ಟು ತಿಳಿಯದೆ? ಹಾಗೆ ಇಟ್ಟ ಮನೆ ಸಂಸಾರ ಸರಿಯಿಲ್ಲದ ಮನೆ.

ಆ ಚನ್ನಬಸಯ್ಯನ ಕೈಗೆ ಉಂಗುರ ಕೊಡಬೇಡ. ಅವನ ಕೈಗೂ ಬೇಡ, ಅವನಪ್ಪನ ಕೈಗೂ ಬೇಡ. ಬಿಚ್ಚಿ ನೋಡುವಂಥದ್ದು ಅದರಲ್ಲಿ ಏನಿದೆ? ಮುಚ್ಚಿದ್ದು ಮುಚ್ಚಿಯೇ ಇರಲಿ. ಉಂಗುರವನ್ನು ಸುಭಾಷನ ಕೈಯಲ್ಲಿ ವಾಪಸ್ಸು ಕಳಿಸಿಬಿಡು. ದಸರೆಗೆ ಬರುತ್ತಾನಲ್ಲ.

ಇಂದ್ರಾಬಾಯಿ


ಜೋಗೇಶ್ವರಿ
೮ ಅಕ್ಟೋಬರ್ ೨೦೨೪

ಇಂದ್ರಾಬಾಯಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಕ್ಲಿನಿಕ್ಕಿನಲ್ಲಿ ಓದಿದೆ. ಆಮೇಲೆ ಒಬ್ಬ ಅಜ್ಜಿಯ ಭುಜವನ್ನು ಎಷ್ಟು ಜೋರಾಗಿ ಒತ್ತಿದೆನೆಂದರೆ ಆಕೆ ಕೂಗಿಕೊಂಡಳು. ಕ್ಷಮೆ ಕೇಳಿದೆ. ಈಗ ನಿಮ್ಮ ಹತ್ತಿರವೂ ಕೇಳಬೇಕು.

ಮೊದಲಿನ ಎರಡೂ ಕನಸು ಸುಳ್ಳು. ಗೋರೆಗಾಂವ್ ಲೋಕಲ್‌ನಲ್ಲಿ ನಿಂತುಕೊಂಡು ನಾನೇ ಕಟ್ಟಿದ್ದು. ನನಗೆ ದಣಿದು ಮಲಗಿದರೆ ಕನಸೇ ಬೀಳುವುದಿಲ್ಲ. ಕನಸು ಬೀಳದವಳು ಎಂದರೆ ನೀವು ಬೇಡ ಎನ್ನಬಹುದೆಂದು ಹೆದರಿಕೆಯಾಯಿತು. ಚೆಂದದ ಕನಸು ಕಟ್ಟಿ ಕಳಿಸಿದರೆ ಖುಷಿಪಡುತ್ತೀರಿ ಎಂದುಕೊಂಡೆ. ನೀವು ಎರಡರಲ್ಲೂ ಕೆಟ್ಟದ್ದನ್ನೇ ಹುಡುಕಿದಿರಿ. ನಿಮಗೆ ಬೇಡವಾಗಿರುವುದು ಕನಸಲ್ಲ, ನಾನು ಎಂದು ಈಗ ಅರ್ಥವಾಯಿತು. ನನಗೆ ಮೂವತ್ತೆರಡು ವಯಸ್ಸು, ಇದು ಎರಡನೆಯ ಸಲ ಕೂಡಿಬಂದ ಸಂಬಂಧ, ಮೊದಲನೆಯದು ಮುರಿದದ್ದು ನಿಮಗೆ ಗೊತ್ತು. ಅದಕ್ಕೋ?

ಒಂದೇ ಒಂದು ನಿಜವಾದ ಕನಸು ಬಿದ್ದಿದೆ. ಅದನ್ನೂ ಬರೆಯುತ್ತೇನೆ, ಬೇಕಾದರೆ ಬೈಯಿರಿ. ಮೊನ್ನೆ ರವಿವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ, ಉಂಗುರ ಬೆರಳಲ್ಲೇ ಇತ್ತು. ಚಾಳಿನ ಒಂದು ಖೋಲಿ. ಹೊರಗೆ ಹುಡುಗರು ಕ್ರಿಕೆಟ್ ಆಡುವ ಸದ್ದು. ಬಿಳಿ ಅಂಗಿ ಹಾಕಿಕೊಂಡ ಒಬ್ಬರು ಹೊಸ್ತಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಊಟದ ಡಬ್ಬಿ. “ರವಿವಾರನೂ ಡ್ಯೂಟಿ ಏನ್ರಿ?” ಎಂದು ಕೇಳಿದೆ. ಅವರು ನಕ್ಕು ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲುಗಾಡಿಸಿದರು. ಒಳಗೆ ಒಂದೇ ಒಂದು ಕಾಳಿನಂಥದ್ದು ಟಿಣ್ ಟಿಣ್ ಎಂದಿತು. ಆಮೇಲೆ ಮೆಟ್ಟಿಲಿಳಿದು ಹೋದರು. ಕೆಳಗಿನಿಂದ ಬೆಳಕು ಬರುತ್ತಿತ್ತು.

ಎದ್ದಾಗ ಅತ್ತಿದ್ದೆ, ಯಾಕೆಂದು ಗೊತ್ತಿಲ್ಲ. ತಾನು ಚಿಕ್ಕವನಿದ್ದಾಗ ಅಪ್ಪ ರವಿವಾರ ಮನೆಯಲ್ಲಿ ಇರುತ್ತಲೇ ಇರಲಿಲ್ಲ ಎಂದು ಸುಭಾಷ ಹೇಳುತ್ತಿರುತ್ತಾನೆ. ಅದೇ ತಲೆಯಲ್ಲಿ ಉಳಿದಿರಬೇಕು.

ಸುಭಾಷನಿಗೆ ಈ ಸಲ ದಸರೆಗೆ ರಜೆ ಸಿಕ್ಕಿಲ್ಲ, ಆದ್ದರಿಂದ ಉಂಗುರ ನನ್ನ ಹತ್ತಿರವೇ ಇದೆ. ಹತ್ತೊಂಬತ್ತನೇ ತಾರೀಕು ಶನಿವಾರ ಅದನ್ನು ಚನ್ನಬಸಯ್ಯನವರಿಗೆ ಕೊಡುತ್ತೇನೆ. ನಾನು ಬೇಡವಾಗಿದ್ದರೆ ಅದಕ್ಕಿಂತ ಮೊದಲು ಹಾಗೆಂದು ನೇರವಾಗಿ ಬರೆಯಿರಿ. ಕನಸಿನ ಮೇಲೆ ಹಾಕಬೇಡಿ.

ರಂಜನಾ


ವಿಜಯಪುರ
೧೫ ಅಕ್ಟೋಬರ್ ೨೦೨೪

ಮಗಳೇ,

ನಿನ್ನ ಕಾಗದ ಇವತ್ತು ಕೈಗೆ ಬಂತು. ಹಬ್ಬದ ರಜೆ, ಅಂಚೆಯವನು ಮೂರು ದಿನ ಬಂದಿರಲಿಲ್ಲ. ಇದು ಹತ್ತೊಂಬತ್ತಕ್ಕೆ ಮೊದಲು ನಿನಗೆ ತಲುಪಲಿ ಎಂದು ಈಗಲೇ ಬರೆಯುತ್ತಿದ್ದೇನೆ. ಫೋನ್ ಮಾಡಬೇಕೆಂದು ಮೂರು ಸಲ ಕೈಗೆತ್ತಿಕೊಂಡೆ. ಈ ಮಾತು ಬಾಯಿಂದ ಬರಲಿಲ್ಲ.

ನೀನು ಬೇಡವೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ನಾಚಿಕೆಪಡಬೇಕಾದವಳು ನಾನು.

ಆ ಹರಳು ವಜ್ರವಲ್ಲ, ಗಾಜು.

೧೯೮೫ರ ಶ್ರಾವಣ. ಮದುವೆಯಾಗಿ ಏಳು ವರ್ಷ. ಹೋಳಿಗೆಗೆ ಕಣಕ ನಾದುತ್ತಿದ್ದೆ. ಕೈ ತೊಳೆದು ನೋಡಿದರೆ ಉಂಗುರದಲ್ಲಿ ಹರಳಿಲ್ಲ, ದಂಡೆ ಸವೆದಿತ್ತು. ಕಣಕವನ್ನೆಲ್ಲ ಚಿವುಟಿ ಚಿವುಟಿ ನೋಡಿದೆ. ಹಿಟ್ಟು ಜರಡಿ ಹಿಡಿದೆ. ಮೋರಿಯೊಳಗೆ ಮೊಣಕೈವರೆಗೆ ಕೈ ಹಾಕಿದೆ. ಅಷ್ಟರಲ್ಲಿ ಸುಭಾಷನ ಅಪ್ಪ ಬಂದರು. ಬೆಂಡೋಲೆಯ ತಿರುಪು ಬಿದ್ದಿದೆ ಎಂದು ಸುಳ್ಳು ಹೇಳಿದೆ. ಅತ್ತೆ ಮುಂದಿನ ವಾರ ಊರಿಂದ ಬರುವವರಿದ್ದರು. ನಾಲ್ಕು ತಲೆಮಾರಿನ ವಜ್ರವನ್ನು ಮೋರಿಯಲ್ಲಿ ಕಳೆದೆ ಎಂದು ಅವರಿಗೆ ಹೇಗೆ ಹೇಳುವುದು? ಗ್ರಾಂಟ್ ರೋಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕ ಕಾರಿಗಾರನಿದ್ದ. ಅವನ ಹತ್ತಿರ ಹೋಗಿ ಅದೇ ಅಳತೆಯ ಗಾಜು ಹಾಕಿಸಿ, ಮೊದಲಿನ ಹಾಗೆಯೇ ಬೆನ್ನು ಮುಚ್ಚಿಸಿದೆ. “ಪೀಛೇ ಸೇ ಮತ್ ಖುಲವಾನಾ”, ಹಿಂದಿನಿಂದ ಬಿಚ್ಚಿಸಬೇಡ, ಎಂದು ಅವನು ಎಚ್ಚರಿಕೆ ಹೇಳಿದ್ದ. ಇಷ್ಟು ವರ್ಷ ಅದೊಂದೇ ಮಾತನ್ನು ಪಾಲಿಸಿಕೊಂಡು ಬಂದೆ.

ಅತ್ತೆಗೆ ತಿಳಿಯಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಬೇಕು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ಹೋಗಿಬಿಟ್ಟರು, ಹೋಗಿ ಒಂಬತ್ತು ವರ್ಷ. ಅವರಿಗೇ ಹೇಳದ್ದನ್ನು ಮಗನಿಗೆ ಯಾವ ಮುಖದಿಂದ ಹೇಳಲಿ?

ದಿಂಬಿನ ಕೆಳಗೆ ಇಡುವ ಪದ್ಧತಿ ನಮ್ಮಲ್ಲಿ ನಿಜವಾಗಿ ಇದೆ. ಕಾಗದ ಬರೆಯಬೇಕೆಂಬುದು ಮಾತ್ರ ನಾನು ಹೂಡಿದ ಆಟ. ನಿನಗೇ ಹೇಗೂ ಒಂದು ಕೆಟ್ಟ ಕನಸು ಬೀಳುತ್ತದೆ, ಉಂಗುರ ಮುಚ್ಚಿದ ಹಾಗೆಯೇ ನನಗೆ ವಾಪಸ್ಸು ಬರುತ್ತದೆ ಎಂದು ಕಾದೆ. ನೀನು ಮೀನು, ಹಾಲು, ಚಂದ್ರ ಎಂದು ಕಳಿಸುತ್ತ ಹೋದೆ. ಆ ಹಾಲಿನ ಕನಸನ್ನು ಓದಿ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇ? ಅದರಲ್ಲಿ ಬೆಕ್ಕು ತಂದದ್ದಕ್ಕೆ ನನ್ನ ಬಾಯಿಗೆ ಹೊಡೆದುಕೊಳ್ಳಬೇಕು.

ದಯಮಾಡಿ ಬಿಚ್ಚಿಸಬೇಡ ತಾಯಿ. ಬಿಚ್ಚಿಸಿದ್ದರೆ ಸುಭಾಷನಿಗೆ ಹೇಳಬೇಡ.

ನಿನ್ನ ಮೂರನೆಯ ಕನಸನ್ನು ಮತ್ತೆ ಮತ್ತೆ ಓದಿದೆ. ಅವರು ಬಿಳಿ ಅಂಗಿಯನ್ನೇ ಹಾಕುತ್ತಿದ್ದರು.

ಇಂದ್ರಾ


ಜೋಗೇಶ್ವರಿ
೨೦ ಅಕ್ಟೋಬರ್ ೨೦೨೪

ಇಂದ್ರಾಬಾಯಿಯವರಿಗೆ ನಮಸ್ಕಾರ.

ನಿನ್ನೆಯವರೆಗೂ ಅಂಚೆ ಡಬ್ಬಿ ನೋಡಿದೆ. ನಿಮ್ಮಿಂದ ಏನೂ ಬರಲಿಲ್ಲ. ಮೌನವೇ ಒಪ್ಪಿಗೆ ಎಂದುಕೊಂಡು ಉಂಗುರ ಕೊಟ್ಟೆ. ಈಗ ಕೊಡಬಾರದಿತ್ತೇನೋ ಅನ್ನಿಸುತ್ತಿದೆ.

ಚನ್ನಬಸಯ್ಯನವರು ನನ್ನ ಎದುರೇ ಬಿಚ್ಚಿದರು. ಅವರ ಕಾರಖಾನೆಯೊಳಗೆ ಹೋಗುವಾಗ ಫೋನನ್ನು ಬಾಗಿಲಲ್ಲೇ ಇಟ್ಟು ಹೋಗಬೇಕು. ಒಳಗೆ ಹತ್ತು ಜನ ತಲೆ ಬಗ್ಗಿಸಿ ಕೂತಿದ್ದಾರೆ, ಒಂದೊಂದು ತಲೆಯ ಮೇಲೂ ಒಂದೊಂದು ದೀಪ. ಸಣ್ಣ ಚಾಣದಿಂದ ಹಿಂಬದಿಯ ಚಿನ್ನವನ್ನು ಎಬ್ಬಿಸಿ, ಕಪ್ಪಾದ ತಗಡು ತೆಗೆದು, ಹರಳನ್ನು ಬಿಳಿ ಕಾಗದದ ಮೇಲೆ ಇಟ್ಟರು. ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ, “ಇದು ಯಾರ ಕಾಲದ್ದು ಅಂದ್ಯವ್ವಾ?” ಎಂದು ಕೇಳಿದರು.

ನಾಲ್ಕು ತಲೆಮಾರಿನದು ಎಂದೆ.

“ಅಲ್ಲ ಬಿಡು” ಎಂದರು. ಹಿಂದಿನ ವಜ್ರವನ್ನು ಕೈಯಲ್ಲಿ ಕಡೆಯುತ್ತಿದ್ದರಂತೆ. ಅದರ ಒಂದು ಮುಖದ ಹಾಗೆ ಇನ್ನೊಂದು ಇರುವುದಿಲ್ಲ, ತಳ ಚಪ್ಪಟೆಯಾಗಿರುತ್ತದೆ. ಇದು ಮಶೀನಿನಲ್ಲಿ ಕಡೆದ ದುಂಡು ಹರಳು, ಐವತ್ತೇಳು ಮುಖವೂ ಲೆಕ್ಕಕ್ಕೆ ಸರಿ, ತಳ ಸೂಜಿಯ ಮೊನೆ. ಹೆಚ್ಚೆಂದರೆ ಮೂವತ್ತು ಮೂವತ್ತೈದು ವರ್ಷದ್ದು. ಅಷ್ಟೇ ಅಲ್ಲ, ಉಂಗುರದ ಬೆನ್ನನ್ನು ಈ ಮೊದಲೇ ಎರಡು ಸಲ ಬಿಚ್ಚಿ ಮುಚ್ಚಿದ ಗುರುತಿದೆ, ಎರಡು ಬೇರೆ ಬೇರೆ ಕೈಗಳ ಕೆಲಸ. “ಎರಡನೇದಾಂವ ಭಾಳ ಶಾಣ್ಯಾ. ಈ ಹರಳಿಗೆ ತಗಡು ಬೇಕಾಗಿದ್ದೇ ಇಲ್ಲ. ಆದ್ರೂ ಇಟ್ಟು, ಮೊದಲಿನಂಗ ಕಾಣೂ ಹಂಗ ಮುಚ್ಚ್ಯಾನ. ಯಾರಿಗೋ ಗೊತ್ತಾಗಬಾರದು ಅಂತ ಮಾಡಿದ ಕೆಲಸ ಇದು” ಎಂದರು.

ಇದನ್ನು ಏನೆಂದು ತಿಳಿಯಬೇಕೋ ಗೊತ್ತಾಗುತ್ತಿಲ್ಲ. ಬಿಚ್ಚಿಸಬೇಡ ಎಂದು ಅಷ್ಟು ಸಲ ಬರೆದಿದ್ದು ಇದಕ್ಕಾಗಿಯೇ? ನಾಲ್ಕು ತಲೆಮಾರಿನ ಮಾತು ಸುಳ್ಳಾದರೂ ನನಗೆ ನಡೆಯುತ್ತಿತ್ತು. ನನ್ನನ್ನು ನಂಬಿ ಹೇಳಬಹುದಿತ್ತು. ಸುಭಾಷನಿಗೆ ಇನ್ನೂ ಏನೂ ಹೇಳಿಲ್ಲ.

ರಂಜನಾ


ಜೋಗೇಶ್ವರಿ
೨೨ ಅಕ್ಟೋಬರ್ ೨೦೨೪

ಅವ್ವಾ,

ಹದಿನೈದನೇ ತಾರೀಕಿನ ನಿಮ್ಮ ಕಾಗದ ಈಗ ಬಂತು. ನಾನು ಮೊನ್ನೆ ಬರೆದದ್ದು ಇಷ್ಟೊತ್ತಿಗೆ ದಾರಿಯಲ್ಲಿದೆ. ಅದರಲ್ಲಿಯ ಸಿಟ್ಟನ್ನೆಲ್ಲ ಬಿಟ್ಟು ಚನ್ನಬಸಯ್ಯನವರ ಮಾತನ್ನು ಮಾತ್ರ ಓದಿರಿ. ಎರಡು ಸಲ ಓದಿರಿ.

ನಿಮ್ಮ ಕಾಗದ ಹಿಡಿದುಕೊಂಡು ಓಡಿಯೇ ಅವರ ಹತ್ತಿರ ಹೋದೆ. ಗಾಜು ಇರಬಹುದೇ ಎಂದು ಕೇಳಿದೆ. ಅವರು ಹರಳಿನ ಮೇಲೆ ಉಸಿರು ಬಿಟ್ಟು ತೋರಿಸಿದರು. ಗಾಜಾಗಿದ್ದರೆ ಮಂಜು ಹಿಡಿದು ನಿಲ್ಲುತ್ತದೆ, ಇದರ ಮೇಲೆ ಹಿಡಿಯುವ ಮೊದಲೇ ಹೋಯಿತು. ವಜ್ರ ಪರೀಕ್ಷಿಸುವ ಮಶೀನಿಗೂ ಹಚ್ಚಿದರು, ಅದು ಕೀಂ ಎಂದು ಕೂಗಿತು. ಸಣ್ಣದು, ಒಳಗೆ ಎಳ್ಳಿನ ಮೊನೆಯಷ್ಟು ಕಪ್ಪು ಚುಕ್ಕೆ ಇದೆ, ಆದರೆ ನಿಜವಾದ ವಜ್ರ.

ಮೊದಲನೆಯ ಸಲ ಬಿಚ್ಚಿ ಗಾಜು ಹಾಕಿಸಿದವರು ನೀವು. ಎರಡನೆಯ ಸಲ ಬಿಚ್ಚಿಸಿ, ಗಾಜು ತೆಗೆಸಿ, ವಜ್ರ ಇಡಿಸಿ, ನಿಮಗೆ ಗೊತ್ತಾಗದ ಹಾಗೆ ಬೆನ್ನು ಮುಚ್ಚಿಸಿದವರು ಯಾರು? ಆ ಉಂಗುರ ನಿಮ್ಮ ಬೆರಳಿನಿಂದ ಯಾವಾಗಲಾದರೂ ಇಳಿದಿತ್ತೇ?

ನಾನು ಹೆಸರು ಬರೆಯುವುದಿಲ್ಲ. ನೀವೇ ಬರೆಯಿರಿ.

ರಂಜನಾ


ವಿಜಯಪುರ
೨೯ ಅಕ್ಟೋಬರ್ ೨೦೨೪

ನನ್ನ ರಂಜನಾ,

ಎರಡು ಕಾಗದವೂ ಒಂದೇ ದಿನ ಬಂದವು. ಓದಿ ನಾಲ್ಕು ದಿನವಾಯಿತು. ಬರೆಯಲು ಕೂತರೆ ಅಕ್ಷರ ಕಾಣುವುದಿಲ್ಲ, ಕಣ್ಣು ತುಂಬುತ್ತದೆ. ಏನಾಗಿದೆ ಎಂದು ನೀಲಾ ಹತ್ತು ಸಲ ಕೇಳಿದಳು. ಕೊನೆಗೆ ಅವಳಿಗೆ ಎಲ್ಲ ಹೇಳಿದೆ. ಅವಳು ಜೀವಮಾನದಲ್ಲಿ ಮೊದಲ ಸಲ ಒಂದು ದಿನಪೂರ್ತಿ ಬಾಯಿ ಮುಚ್ಚಿಕೊಂಡು ಇದ್ದಳು.

ಉಂಗುರ ಒಂದೇ ಸಲ ಇಳಿದಿತ್ತು. ೧೯೯೪ರಲ್ಲಿ ನನಗೆ ಆಪರೇಶನ್ ಆಯಿತು, ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಮೈಮೇಲೆ ಬಂಗಾರ ಇರಬಾರದು ಎಂದು ನರ್ಸಮ್ಮ ಹೇಳಿದಳು. ನಾನೇ ತೆಗೆದು ಸುಭಾಷನ ಅಪ್ಪನ ಅಂಗೈಯಲ್ಲಿಟ್ಟೆ. ಯಾರ ಕೈಗೂ ಕೊಡಬೇಡಿರಿ ಎಂದು ಹೆದರಿ ಹೆದರಿ ಹೇಳಿದ್ದೆ. ಮನೆಗೆ ಕರೆದುಕೊಂಡು ಹೋಗುವ ದಿನ ಅವರೇ ಕಿಸೆಯಿಂದ ತೆಗೆದು ನನ್ನ ಬೆರಳಿಗೆ ಹಾಕಿದರು. “ಸ್ವಲ್ಪ ಬಿಗಿ ಆಗ್ಯದ, ತಡಿ” ಎಂದು ಮೆಲ್ಲಗೆ ಒತ್ತಿದರು. ಬೆರಳು ಬಾತಿದೆ ಎಂದುಕೊಂಡೆ. ಪಾಲಿಶ್ ಮಾಡಿಸಿದೆ ಎಂದರು. ಆಮೇಲೆ ಆ ಗಾಜು ಮಂಕಾಗಲೇ ಇಲ್ಲ. ಆ ಮುದುಕ ಕಾರಿಗಾರ ಒಳ್ಳೆಯ ಗಾಜು ಹಾಕಿದ್ದಾನೆ ಎಂದು ಅವನಿಗೆ ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದೆನೋ.

ಅದಕ್ಕಿಂತ ಮೊದಲು ಎರಡು ವರ್ಷ ಅವರು ರವಿವಾರ ಮನೆಯಲ್ಲಿ ನಿಂತವರಲ್ಲ. ಔಷಧಿಯ ಗೋದಾಮಿನಲ್ಲಿ ಗುಮಾಸ್ತರು, ರವಿವಾರ ಯಾವ ಡ್ಯೂಟಿ ಎಂದು ನಾನು ಜಗಳ ತೆಗೆಯುತ್ತಿದ್ದೆ. ಸುಭಾಷ ಚೌಪಾಟಿಗೆ ಹೋಗೋಣ ಎಂದು ಅಳುತ್ತಿದ್ದ. ಸ್ನೇಹಿತರ ಜೊತೆ ಇಸ್ಪೀಟು ಆಡಲು ಹೋಗುತ್ತೀರಿ ಎಂದು ಒಮ್ಮೆ ಊಟದ ಡಬ್ಬಿಯನ್ನು ಎತ್ತಿ ಒಗೆದಿದ್ದೇನೆ. ಅನ್ನವೆಲ್ಲ ಗ್ಯಾಲರಿಗೆ ಚೆಲ್ಲಿತು. ಅವರು ಕೂತು ಬಳಿದರು, ಚಪ್ಪಲಿ ಹಾಕಿಕೊಂಡು ಹೋದರು. ಆಪರೇಶನ್ ಆದ ಮೇಲೆ ರವಿವಾರದ ಡ್ಯೂಟಿ ನಿಂತಿತು. ನನ್ನ ಬಾಯಿಗೆ ಹೆದರಿ ಬಿಟ್ಟರು ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅವರಿಗೆ ಹೇಗೆ ಗೊತ್ತಾಯಿತು ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಹಿಟ್ಟು ಜರಡಿ ಹಿಡಿಯುವಾಗ ನೆನಪಾಯಿತು. ಬೆಂಡೋಲೆಯ ತಿರುಪು ಬಿದ್ದಿದೆ ಎಂದಾಗ ಅವರು ಚೀಲ ಕೆಳಗಿಟ್ಟು, ಅಂಗಿಯ ತೋಳು ಮೇಲೆ ಮಾಡಿಕೊಂಡು ನನ್ನ ಜೊತೆ ಹುಡುಕಲು ಕೂತರು. ಹಿಟ್ಟನ್ನೆಲ್ಲ ಮತ್ತೆ ಜರಡಿ ಹಿಡಿದರು. ಮೋರಿಗೆ ತಾವೇ ಕೈ ಹಾಕಿದರು. ಬಹಳ ಹೊತ್ತಾದ ಮೇಲೆ ನನ್ನ ಕಿವಿಯನ್ನು ನೋಡಿದರು. ಎರಡೂ ಕಿವಿಯಲ್ಲಿ ಬೆಂಡೋಲೆ ತಿರುಪಿನ ಸಮೇತ ಇದ್ದವು, ಅವಸರದಲ್ಲಿ ನನಗೆ ಹೊಳೆದಿರಲಿಲ್ಲ. ಆಮೇಲೆ ನನ್ನ ಕೈ ನೋಡಿದರು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ. ಅವರು “ಸಿಗ್ತದ ಬಿಡು, ಎಲ್ಲಿ ಹೋಗ್ತದ” ಎಂದು ಮತ್ತೆ ತಲೆ ಬಗ್ಗಿಸಿ ಹುಡುಕತೊಡಗಿದರು.

ಒಂಬತ್ತು ವರ್ಷದ ನಂತರ, ಆ ರವಿವಾರಗಳನ್ನೆಲ್ಲ ದುಡಿದು, ಹುಡುಕಿ ತಂದು ಕೊಟ್ಟಿದ್ದಾರೆ. ನಾನು ಮೂವತ್ತು ವರ್ಷ ಗಾಜು ಎಂದು ಹೆದರಿಕೊಂಡೇ ಹಾಕಿಕೊಂಡೆ. ಯಾರಾದರೂ ಕೈ ಹಿಡಿದು ನೋಡಲು ಬಂದರೆ ಎಳೆದುಕೊಳ್ಳುತ್ತಿದ್ದೆ. ಅವರು ಅದನ್ನೆಲ್ಲ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ನಾನು ಒಂದು ಮಾತು ಹೇಳಿದ್ದರೆ ಅವರೂ ಹೇಳುತ್ತಿದ್ದರು. ನಾನಾಗಿ ಹೇಳಲಿ ಎಂದು ಕಾದರು. ಇದೊಂದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯುತ್ತದೆ, ಉಳಿಯಲಿ.

ಸುಭಾಷನಿಗೆ ಈ ಕಾಗದ ತೋರಿಸು. ಅಪ್ಪ ರವಿವಾರ ಎಲ್ಲಿಗೆ ಹೋಗುತ್ತಿದ್ದ ಎಂದು ಅವನಿಗೂ ತಿಳಿಯಲಿ.

ಇನ್ನು ಉಂಗುರದ ಮಾತು. ಚನ್ನಬಸಯ್ಯನವರಿಗೆ ನನ್ನ ನಮಸ್ಕಾರ ಹೇಳು, ಅವರಪ್ಪನನ್ನು ಎಳೆದು ತಂದದ್ದಕ್ಕೆ ಕ್ಷಮೆಯನ್ನೂ ಕೇಳು. ನೀನು ಹೇಳಿದ ದಂಡೆಯ ಕಟ್ಟೇ ಇರಲಿ, ತಗ್ಗಿನಲ್ಲಿ, ಯಾರ ಬೆನ್ನಿಗೂ ಗೀರು ಬೀಳದ ಹಾಗೆ. ಹಿಂಬದಿ ಮಾತ್ರ ಮುಚ್ಚಿಸಬೇಡ. ತಗಡೂ ಬೇಡ. ಕೆಳಗೆ ಕಿಟಕಿಯ ಹಾಗೆ ತೆರೆದಿರಲಿ. ನೀನು ಕೈ ಎತ್ತಿದಾಗ ಬೆಳಕು ನಿನ್ನ ಬೆರಳಿನ ಮೇಲೂ ಬೀಳಲಿ.

ಆ ಲೋಕಲ್‌ನ ಕನಸನ್ನು ನೀನು ಕಟ್ಟಿದ್ದೇ ಆದರೂ ನನಗೆ ಬೇಕು. ಕಿಟಕಿಯ ಹತ್ತಿರ ಕೂತಿದ್ದವಳು ನಾನೇ. ನಾಲ್ಕನೆಯ ಸೀಟಿನ ಮಾತು ಬಿಡು, ಕಿಟಕಿಯ ಸೀಟನ್ನೇ ಕೊಡುತ್ತೇನೆ.

ನವೆಂಬರ್ ೨೪ ಯಾವ ವಾರ ಎಂದು ಕ್ಯಾಲೆಂಡರಿನಲ್ಲಿ ನೋಡಿದೆ. ರವಿವಾರ. ಸುಭಾಷ ಉಂಗುರ ತೊಡಿಸುವಾಗ ಬೆರಳಿನ ಗಿಣ್ಣಿನಲ್ಲಿ ತಡೆದರೆ ನೀನು ಕೈ ಎಳೆದುಕೊಳ್ಳಬೇಡ. “ಸ್ವಲ್ಪ ಬಿಗಿ ಆಗ್ಯದ, ತಡಿ” ಎಂದು ಅನ್ನಲು ಅವನಿಗೆ ಹೇಳಿಕೊಡು. ನಾನು ಎದುರಿಗೇ ಕೂತಿರುತ್ತೇನೆ, ನನಗೆ ಕೇಳಿಸುವ ಹಾಗೆ ಅನ್ನಲಿ.

ನಿನ್ನ ಅವ್ವ,
ಇಂದ್ರಾ